ದರ್ಜಿ ಬಿಡಿಸಿದ ಮಾತ್ರೆ

ಒಬ್ಬರಿಗೆ ಜ್ವರ ಬಂದರೆ ಬೀದಿಯೆಲ್ಲ ಬಂದು ವಿಚಾರಿಸುತ್ತದೆ. ಮನಸ್ಸು ಸೊರಗಿದರೆ ಎಲ್ಲರೂ ಬುದ್ಧಿ ಹೇಳುವವರೇ. ಬಿಟ್ಟಿ ಉಪದೇಶಕ್ಕೆ ಬರವೇ? ನಮ್ಮ ಬೀದಿಯ ದರ್ಜಿಯ ಹೆಂಡತಿಗೂ ಹಾಗೇ ಆಯಿತು. ಊಟ ಸೇರದು, ನಿದ್ದೆ ಬಾರದು, ಯಾರಾದರೂ ಬಾಗಿಲು ತಟ್ಟಿದರೆ ಎದೆ ಡವಡವ. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳು ಸೂಜಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ವೈದ್ಯರು ಇದು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಮೊದಮೊದಲು ಹೊಟ್ಟೆ ತೊಳಸಿತು. ಕೆಲವು ವಾರ ಕಳೆದ ಮೇಲೆ ನಿದ್ದೆ ಬಂತು, ನಗುವೂ ಬಂತು.

ಎಡವಟ್ಟಾಗಿದ್ದು ಅಲ್ಲೇ. ದರ್ಜಿಯ ತಲೆ ದರ್ಜಿಯ ಹಾಗೇ ಓಡಿತು.

"ಹೊಲಿಗೆ ಗಟ್ಟಿಯಾದ್ಮೇಲೆ ಮೊದ್ಲು ಹಿಡಿದಿಡೋಕೆ ಹಾಕಿದ ಕಚ್ಚಾ ದಾರ ಯಾಕೆ? ಕಿತ್ತು ಬಿಸಾಕೋದು ತಾನೆ. ಸಾಕು ಬಿಡು ಮಾತ್ರೆ," ಎಂದ.

ಪಾಪ, ಪ್ರೀತಿಯಿಂದಲೇ ಹೇಳಿದ. ಅವಳೂ ಒಮ್ಮೆಲೇ ಬಿಟ್ಟಳು.

ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ ಜುಮ್. ಆಮೇಲೆ ಹಳೆಯ ಮಂಕೂ ಮರಳಿತು. ನೋಡಲು ಬಂದ ಆಸ್ಪತ್ರೆಯ ನರ್ಸಕ್ಕನ ಮೇಲೆ ದರ್ಜಿ ಹರಿಹಾಯ್ದ.

"ನನ್ನ ಹೆಂಡ್ತಿಗೆ ಚಟ ಹತ್ತಿಸಿಬಿಟ್ರಲ್ಲಕ್ಕಾ."

"ಚಟ ಆಗಿದ್ರೆ ಇನ್ನೂ ಬೇಕು, ಇನ್ನೂ ಬೇಕು ಅಂತಿದ್ರು. ನೀವು ಬಿಡು ಅಂದ ಕೂಡ್ಲೆ ಬಿಟ್ರಲ್ಲಣ್ಣ. ಮೆದುಳಿಗೆ ಮಾತ್ರೆ ರೂಢಿಯಾಗಿತ್ತು, ಥಟ್ಟನೆ ನಿಲ್ಲಿಸಿದ್ದಕ್ಕೆ ಹೀಗಾಗಿದೆ. ಬಿಡೋದಿದ್ರೂ ಡಾಕ್ಟರ್ ಹೇಳ್ದಂಗೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡ್ಬೇಕು."

"ಅಂಥಾದ್ದೇನಿದೆ ಅದರಲ್ಲಿ?"

"ನಮ್ಮ ಮೆದುಳಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋಕೆ ಸೆರೊಟೋನಿನ್ ಅನ್ನೋ ರಾಸಾಯನಿಕ ಬಿಡುತ್ತೆ. ಬಿಟ್ಟಿದ್ದನ್ನ ಬೇಗ ವಾಪಸ್ ಎಳ್ಕೊಳ್ಳುತ್ತೆ. ಈ ಮಾತ್ರೆ ಹಾಗೆ ಎಳ್ಕೊಳ್ಳೋದನ್ನ ತಡೆಯುತ್ತೆ. ಆಗ ಅದು ಮಧ್ಯದಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತೆ. ಅದಕ್ಕೆ ಮೆದುಳು ಹೊಂದ್ಕೊಂಡು ಗುಣ ಕಾಣೋಕೆ ವಾರಗಳೇ ಬೇಕು. ಹುಷಾರಾದ್ಮೇಲೂ ತಿಂಗಳುಗಟ್ಟಲೆ ತಗೋಬೇಕು, ಇಲ್ಲಾಂದ್ರೆ ಕಾಯಿಲೆ ಮತ್ತೆ ಬರಬಹುದು."

"ಧೈರ್ಯ ತಂದ್ಕೊಂಡ್ರೆ ಆಗಲ್ವಾ?"

ನರ್ಸಕ್ಕ ಅವನ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಸಾಯಬೇಕು ಅನ್ನಿಸ್ತಿದೆಯಾ ತಂಗಿ?"

"ಹೂಂ ಅಕ್ಕ. ಇವರು ಅಂಗಡಿಗೆ ಹೋದ್ರೆ ಅದೇ ಯೋಚನೆ."

ಒಂದೇ ಸೂರಿನ ಕೆಳಗಿದ್ದೂ ದರ್ಜಿಗೆ ಇದು ಗೊತ್ತಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಧೈರ್ಯ ತಂದ್ಕೊ ಅಂತೀರಿ ಅಂತ."

ಅವನು ಆಗಲೇ ಅಂಗಡಿಗೆ ಬೀಗ ಹಾಕಿ, ನರ್ಸಕ್ಕನ ಜೊತೆ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ವೈದ್ಯರು ಮಾತ್ರೆ ಮತ್ತೆ ಶುರು ಮಾಡಿದರು, ಮನಬಿಚ್ಚಿ ಮಾತಾಡಲು ಆಪ್ತಸಮಾಲೋಚಕಿಯ ಬಳಿ ಕಳಿಸಿದರು, ಸದ್ಯಕ್ಕೆ ಒಂಟಿಯಾಗಿ ಬಿಡಬೇಡಿ ಎಂದರು. ದರ್ಜಿ ಹೊಲಿಗೆ ಯಂತ್ರವನ್ನೇ ಮನೆಗೆ ತಂದ. ಈಗ ಅವಳು ಎಷ್ಟೋ ವಾಸಿ. ಕೆಲವು ದಿನ ಮನಸ್ಸು ಕುಸಿಯುತ್ತದೆ. ಆಗ ಹೇಳುತ್ತಾಳೆ, ಅವನು ಕೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಈ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ, ನೀವಾಗಿ ನಿಲ್ಲಿಸಲೂಬೇಡಿ. ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಿದರೆ, ಸಾಯುವ ಯೋಚನೆ ಬಂದರೆ, ತಡಮಾಡದೆ ವೈದ್ಯರಿಗೆ ತಿಳಿಸಿ. ನಿಮ್ಮವರು ಮಂಕಾಗಿದ್ದರೆ ಬುದ್ಧಿ ಹೇಳುವುದನ್ನು ಬಿಟ್ಟು, ಪಕ್ಕದಲ್ಲಿ ಕೂತು ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಕೇಳದೆ ಇದ್ದರೆ, ಹೇಳದೆಯೇ ಹೋಗಿಬಿಟ್ಟಾರು.