ಚಕ್ರಪಾಣಿಯವರ ಜೀಪಿನ ರೇಡಿಯೇಟರ್

ಚಕ್ರಪಾಣಿಯವರು ನನ್ನ ಅಪ್ಪನಿಗೆ ಕೈಮುಗಿದು ತಪ್ಪಾಯಿತು ಅನ್ನಬೇಕು, ಅದೂ ನಾಲ್ಕು ಜನರ ಎದುರಿಗೆ. ಆರು ವರ್ಷ ನನಗಿದ್ದ ಆಸೆ ಇದೊಂದೇ. ಮದುವೆ, ಸ್ವಂತ ಮನೆ ಎಂದೆಲ್ಲ ನನ್ನ ಓರಗೆಯವರು ಕನಸು ಕಾಣುತ್ತಿದ್ದರು. ನನಗೆ ಆ ಮನುಷ್ಯನ ತಗ್ಗಿದ ತಲೆ ನೋಡಬೇಕಿತ್ತು. ಅವರನ್ನು ‘ಅವರು’ ಎನ್ನುತ್ತಿರುವುದು ಗೌರವಕ್ಕಲ್ಲ, ಗಿರಾಕಿಗಳ ಜೊತೆ ಮಾತಾಡಿ ಬಂದ ಅಭ್ಯಾಸ.

1997ರಲ್ಲಿ ತಿಲಕ್ ನಗರದಲ್ಲಿ ನಮ್ಮದೊಂದು ರೇಡಿಯೇಟರ್ ರಿಪೇರಿ ಅಂಗಡಿಯಿತ್ತು. ಬೋರ್ಡಿನ ಮೇಲೆ ಅಪ್ಪನ ಹೆಸರು, ಪಾಪಯ್ಯ ಎಂದು. ಲಾರಿ, ಟೆಂಪೊಗಳ ಜೊತೆಗೆ ಒಂದು ಜೀಪ್ ಕ್ಲಬ್ಬಿನವರೂ ಬರುತ್ತಿದ್ದರು. ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪುಗಳನ್ನು ಭಾನುವಾರ ಬಂದರೆ ಕಲ್ಲು, ಕೆಸರು, ಹಳ್ಳ ಎನ್ನದೆ ಹತ್ತಿಸಿ ಇಳಿಸಿ ಖುಷಿಪಡುವ ಜನ. ರಸ್ತೆಯಲ್ಲಿ ಓಡುವ ಗಾಡಿಗೆ ಎದುರುಗಾಳಿಯೇ ಅರ್ಧ ತಂಪು ಕೊಡುತ್ತದೆ. ಫಸ್ಟ್ ಗೇರಿನಲ್ಲಿ ತಿಣುಕುತ್ತ ಗುಡ್ಡ ಹತ್ತುವ ಜೀಪಿಗೆ ಆ ಗಾಳಿಯೂ ಇಲ್ಲ. ಅದರ ಇಂಜಿನ್ ಉಳಿಯುವುದು ರೇಡಿಯೇಟರ್ ಸರಿಯಿದ್ದರೆ ಮಾತ್ರ. ಅದಕ್ಕೇ ಕ್ಲಬ್ಬಿನವರು ಅಪ್ಪನ ಕೈಯನ್ನು ನಂಬಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಚಕ್ರಪಾಣಿಯವರ ಜೀಪು ಹಗ್ಗ ಕಟ್ಟಿಸಿಕೊಂಡು ನಮ್ಮ ಬಾಗಿಲಿಗೆ ಬಂತು. ಹಿಂದಿನ ವಾರವಷ್ಟೇ ಅಪ್ಪ ಅದರ ರೇಡಿಯೇಟರ್ ರಿಪೇರಿ ಮಾಡಿ ಕಳಿಸಿದ್ದ. ಕನಕಪುರದ ಆಚೆ ಗುಡ್ಡ ಹತ್ತುವಾಗ ನೀರು ಕುದಿದು ಇಂಜಿನ್ ಜಾಮಾಗಿತ್ತು. ಚಕ್ರಪಾಣಿಯವರು ಜೀಪನ್ನು ಅಂಗಡಿಗೆ ಅಡ್ಡಲಾಗಿ ನಿಲ್ಲಿಸಿದರು.

“ನೀನು ಪಾತ್ರೆಗೆ ಕಲಾಯಿ ಹಾಕೋಕೇ ಲಾಯಕ್ಕು ಕಣಯ್ಯ,” ಎಂದರು. ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ಬಂದರು. “ಯಾರೂ ಇವನ ಕೈಗೆ ಗಾಡಿ ಕೊಡ್ಬೇಡಿ. ನನ್ ಇಂಜಿನ್ ತಿಂದುಬಿಟ್ಟ.”

ನನಗಾಗ ಹತ್ತೊಂಬತ್ತು ವರ್ಷ. “ಸಾರ್, ನೀವು ಅದಕ್ಕೆ ಯಾವ ನೀರು ಹಾಕಿದ್ರಿ ಮೊದ್ಲು ಹೇಳಿ,” ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. “ಮಗಳಿಗೆ ಬಾಯಿ ಮುಚ್ಕೊಂಡಿರೋಕೆ ಹೇಳು,” ಎಂದು ಅಪ್ಪನಿಗೆ ಹೇಳಿದರು. ಅಪ್ಪ ನನಗೆ ಒಳಗೆ ಹೋಗು ಎಂದು ಕೈಸನ್ನೆ ಮಾಡಿದ. ಆಮೇಲೆ ಅವರಿಗೆ ಕೈಮುಗಿದ.

ಮಾರನೆಯ ದಿನದಿಂದ ಅಪ್ಪ ಬೆಸುಗೆ ಕಡ್ಡಿ ಮುಟ್ಟಲಿಲ್ಲ. ಅಂಗಡಿಯ ಹೊಸಿಲ ಮೇಲೆ ಕೂತು ನನಗೆ ಬಾಯಿಮಾತಿನಲ್ಲಿ ಕೆಲಸ ಹೇಳಿಕೊಟ್ಟ. ಅವಮಾನ ಅವನನ್ನು ತಿಂದುಹಾಕಿತು ಎಂದು ನನಗೆ ಖಚಿತವಾಗಿತ್ತು. ನಾನು ಹಲ್ಲು ಕಚ್ಚಿ ಕಲಿತೆ. ಹೆಣ್ಣುಮಗಳು ಬೆಸುಗೆ ಹಾಕುವುದನ್ನು ನೋಡಲು ಬಂದು ನಿಲ್ಲುತ್ತಿದ್ದವರೇ ಎರಡು ವರ್ಷದಲ್ಲಿ ಗಾಡಿ ತರತೊಡಗಿದರು. ಅಂಗಡಿಯನ್ನು ಸುದ್ದಗುಂಟೆಪಾಳ್ಯಕ್ಕೆ ಬದಲಾಯಿಸಿ, ಬೋರ್ಡಿಗೆ ಬೇರೆ ಹೆಸರು ಬರೆಸಿದೆ. ಒಂದು ಪದ್ಧತಿ ಮಾಡಿಕೊಂಡೆ: ರೇಡಿಯೇಟರಿನ ಮೇಲಿನ ಟ್ಯಾಂಕನ್ನು ಮಾಲೀಕರ ಎದುರಿಗೇ ಬಿಚ್ಚುವುದು, ಒಳಗಿರುವುದನ್ನು ಅವರ ಕಣ್ಣಿಗೇ ತೋರಿಸುವುದು. ನಾಳೆ ಯಾರೂ ಬಂದು ನನ್ನನ್ನು ಕಲಾಯಿಯವಳು ಅನ್ನಬಾರದಲ್ಲ. ಈ ಪದ್ಧತಿಯಿಂದಲೇ ನನಗೆ ಹೆಸರು ಬಂತು. ಜೀಪ್ ಕ್ಲಬ್ಬಿನವರೂ ಒಬ್ಬೊಬ್ಬರಾಗಿ ಬಂದರು.

ನಾನು ಕಾಯುತ್ತಿದ್ದುದು ಒಂದು ಜೀಪಿಗಾಗಿ. ಅದು ಆರು ವರ್ಷದಿಂದ ಜೆ.ಪಿ. ನಗರದ ಚಕ್ರಪಾಣಿಯವರ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದೆ ಎಂದು ಗೊತ್ತಿತ್ತು. 2003ರಲ್ಲಿ ಕ್ಲಬ್ಬಿನ ಪ್ರಮೋದ್ ಎಂಬ ಹುಡುಗ ಸುದ್ದಿ ತಂದ. “ಅಕ್ಕ, ಚಕ್ರಪಾಣಿ ಅಂಕಲ್ ಇಂಜಿನ್ ಕೆಲ್ಸ ಮಾಡ್ಸಿದಾರೆ. ಕೂಲಿಂಗ್ ಪೂರ್ತಿ ನಿಮ್ಮ ಹತ್ರಾನೇ ಮಾಡ್ಸಿ ಅಂದೆ.”

“ಕರ್ಕೊಂಡ್ ಬಾ. ಕ್ಲಬ್ಬಿನೋರೂ ಬರ್ಲಿ, ಎಲ್ಲರಿಗೂ ತೋರಿಸ್ತೀನಿ,” ಎಂದೆ. ಅಂದು ಊಟ ಸೇರಲಿಲ್ಲ, ಅಷ್ಟು ಖುಷಿ.

ಶನಿವಾರ ಬೆಳಿಗ್ಗೆ ಚಕ್ರಪಾಣಿಯವರು ಎಂಟು ಜನರೊಂದಿಗೆ ಜೀಪು ತಂದರು. ಕೂದಲು ನರೆತಿತ್ತು. ನನ್ನ ಗುರುತು ಸಿಗಲಿಲ್ಲ. ನಾನು ಒಂದೊಂದನ್ನೇ ಬಿಚ್ಚಿ ತೋರಿಸುತ್ತ ಹೋದೆ. ಕೆಳಗಿನ ಹೋಸ್ ಒತ್ತಿ ತೋರಿಸಿದೆ. ಅದರೊಳಗೆ ಸುರುಳಿ ಕಂಬಿ ಇರಬೇಕು, ಇಲ್ಲದಿದ್ದರೆ ಇಂಜಿನ್ ಜೋರಾಗಿ ತಿರುಗುವಾಗ ನೀರೆಳೆಯುವ ರಭಸಕ್ಕೆ ಹೋಸ್ ಒಳಕ್ಕೆ ಅಂಟಿಕೊಂಡು ನೀರು ನಿಂತುಹೋಗುತ್ತದೆ. ಅಗ್ಗದ ಹೋಸು, ಕಂಬಿಯಿರಲಿಲ್ಲ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ನೀರಿನ ಬಿಸಿ ನೋಡಿಕೊಂಡು ದಾರಿ ಬಿಡುವ ವಾಲ್ವ್ ಇರಲೇ ಇಲ್ಲ.

“ನಮ್ಮ ಬಿಸಿಲಿಗೆ ಅದೆಲ್ಲ ಬೇಡ ಅಂತ ಮೆಕ್ಯಾನಿಕ್ ತೆಗೆದ,” ಎಂದರು ಚಕ್ರಪಾಣಿಯವರು.

“ಯಾವ ನೀರು ಹಾಕ್ತಿದ್ರಿ ಸಾರ್?”

“ಮನೇದೇ. ಬೋರ್‌ವೆಲ್ ನೀರು. ಅವತ್ತು ಗುಡ್ಡದ ಮೇಲೂ ಎರಡು ಕ್ಯಾನ್ ಸುರಿದ್ವಿ.”

ಆರು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆಗೆ ಈಗ ಉತ್ತರ ಬಂತು. ಕ್ಲಬ್ಬಿನವರು ಮುಖ ಮುಖ ನೋಡಿಕೊಂಡರು. ಗ್ಯಾಸ್ ಹಚ್ಚಿ, ಬೆಸುಗೆ ಕರಗಿಸಿ, ಮೇಲಿನ ಟ್ಯಾಂಕ್ ಎಬ್ಬಿಸಿದೆ. ಒಳಗೆ ಕುದಿದ ನೀರು ನಿಂತಲ್ಲೇ ಒಣಗಿ ಬೆಳ್ಳಗೆ ಗಟ್ಟಿಯಾದ ಉಪ್ಪು, ಹಳೆಯ ಬಾಯ್ಲರಿನ ತಳದಲ್ಲಿ ಕಟ್ಟುವ ಹಾಗೆ. ಎಲ್ಲರೂ ಬಗ್ಗಿ ನೋಡಿದರು. ನಾನು ಸ್ಕ್ರೂಡ್ರೈವರಿನಿಂದ ಕೆರೆದು, “ನೋಡಿ ಸಾರ್, ಇದು ನಿಮ್ಮ ನೀರು,” ಎಂದೆ.

ಉಪ್ಪಿನ ಚಕ್ಕೆ ಎದ್ದು ಬಂತು. ಅದರಡಿಯಲ್ಲಿ ಬೆಸುಗೆ ಹೊಳೆಯಿತು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ರೇಡಿಯೇಟರಿನ ಟ್ಯೂಬು ಸೋರಿದರೆ ಎರಡು ತುದಿಗೂ ಬೆಸುಗೆ ಹಾಕಿ ಮುಚ್ಚಿಬಿಡುತ್ತೇವೆ. ಸೋರುವುದು ನಿಲ್ಲುತ್ತದೆ, ಆದರೆ ಆ ಟ್ಯೂಬು ಸತ್ತ ಹಾಗೆ, ಅದರಲ್ಲಿ ನೀರು ಹರಿಯುವುದಿಲ್ಲ. ಐದರವರೆಗೆ ಮುಚ್ಚಬಹುದು. ಅದಕ್ಕಿಂತ ಹೆಚ್ಚಾದರೆ ಮಾಲೀಕರಿಗೆ ಹೇಳಿ ಹೊಸ ಕೋರ್, ಅಂದರೆ ಟ್ಯೂಬುಗಳ ಇಡೀ ಜೋಡಣೆಯನ್ನೇ, ಹಾಕಿಸಬೇಕು. ಇದನ್ನು ನನಗೆ ಕಲಿಸಿದ್ದು ಅಪ್ಪ. ನಾನು ಕೆರೆಯುತ್ತ ಎಣಿಸಿದೆ. ನೂರು ಚಿಲ್ಲರೆ ಟ್ಯೂಬುಗಳಲ್ಲಿ ಇಪ್ಪತ್ತಾರು ಮುಚ್ಚಿದ್ದವು. ಪ್ರತಿ ಬೆಸುಗೆಯ ಬಾಲವೂ ಎಡಕ್ಕೆ ವಾಲಿತ್ತು. ಅಪ್ಪ ಎಡಚ.

ಕೈ ನಿಂತಿತು. ಪ್ರಮೋದ್ ಬಗ್ಗಿ, “ಇದೇನಕ್ಕ ಹೊಳೀತಿರೋದು?” ಎಂದ.

ನಿಜ ಹೇಳಲು ನನಗೆ ಆಗ ಪುರಸೊತ್ತಿತ್ತು. ಒಂದು ಕ್ಷಣವಲ್ಲ, ನಾಲ್ಕೈದು ಕ್ಷಣ. ಚಕ್ರಪಾಣಿಯವರ ಮುಖ ನೋಡಿದೆ. ಅದಾಗಲೇ ಬಾಡಿಹೋಗಿತ್ತು. ಆ ಮುಖವನ್ನು ನಾನು ಬಿಟ್ಟುಕೊಡಲಾರದಾದೆ.

“ಅದು ಕಂಪನಿ ಬೆಸುಗೆ,” ಎಂದು ಹೇಳಿ ಒದ್ದೆ ಗೋಣಿತಾಟನ್ನು ಅದರ ಮೇಲೆ ಹಾಕಿದೆ. “ನಿಮ್ಮ ಇಂಜಿನ್ ತಿಂದಿದ್ದು ಪಾಪಯ್ಯ ಅಲ್ಲ ಸಾರ್. ನಿಮ್ಮ ನೀರು, ನಿಮ್ಮ ಹೋಸು. ಪಾಪಯ್ಯ ನಮ್ಮಪ್ಪ. ಅವತ್ತು ಬಾಯಿ ಮುಚ್ಕೊ ಅಂದ್ರಲ್ಲ, ಆ ಮಗಳು ನಾನೇ.”

ಚಕ್ರಪಾಣಿಯವರು ನೆಲ ನೋಡಿದರು. ಆಮೇಲೆ, “ಮನೆ ಎಲ್ಲಮ್ಮ ನಿಮ್ದು?” ಎಂದು ಕೇಳಿದರು.

ಹೊಸ ಕೋರ್ ಹಾಕಿದೆ. ಒಳಗೆ ಕಂಬಿಯಿರುವ ಹೋಸು, ಹೊಸ ಮುಚ್ಚಳ, ವಾಲ್ವು, ಬರಿ ನೀರಿನ ಬದಲು ಕೂಲೆಂಟ್. ಕೆಲಸದಲ್ಲಿ ಒಂದು ಕೂದಲಿನಷ್ಟೂ ಮೋಸ ಮಾಡಲಿಲ್ಲ. ಹಳೆಯ ಕೋರನ್ನು ಮಾತ್ರ ಅಂದೇ ಗುಜರಿಗೆ ಹಾಕಿದೆ.

ಮುಂದಿನ ಬುಧವಾರ ಸಂಜೆ ಚಕ್ರಪಾಣಿಯವರು ಪ್ರಮೋದನ ಜೊತೆ ತಿಲಕ್ ನಗರದ ನಮ್ಮ ಮನೆಗೆ ಬಂದರು, ಕೈಯಲ್ಲಿ ಬಾಳೆಹಣ್ಣು, ಮೂಸಂಬಿ. ಅಪ್ಪ ಗೋಡೆ ಹಿಡಿದು ಎದ್ದು ನಿಂತ.

“ಪಾಪಯ್ಯನವರೇ, ಅವತ್ತು ನಾನು ಆಡಿದ ಮಾತು ತಪ್ಪು,” ಎಂದು ಅವರು ತಲೆ ತಗ್ಗಿಸಿ ಕೈಮುಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕಣ್ತುಂಬ ನೋಡಿದೆ. ಅಂಥ ಸುಖ ಮತ್ತೆ ನನಗೆ ಸಿಕ್ಕಿಲ್ಲ.

ಅಪ್ಪ ಕೈಮುಗಿಯಲಿಲ್ಲ. “ಮೇಲಿನ ಟ್ಯಾಂಕ್ ಬಿಚ್ಚಿದ್ರಾ ಸಾರ್?” ಎಂದು ಕೇಳಿದ.

“ನಮ್ಮೆದುರಿಗೇ ಬಿಚ್ಚಿದ್ರು ನಿಮ್ಮ ಮಗಳು. ಬರೀ ಉಪ್ಪು.”

ಅಪ್ಪ ನನ್ನ ಕಡೆ ತಿರುಗಿದ. ನಾನು ಹಣ್ಣಿನ ಚೀಲ ಎತ್ತಿಕೊಂಡು ಒಳಗೆ ಹೋದೆ. ಭಾನುವಾರ ಕ್ಲಬ್ಬಿನ ವಾರ್ಷಿಕೋತ್ಸವ, ನಿಮಗೆ ಸನ್ಮಾನ ಮಾಡ್ತೀವಿ, ಬರಲೇಬೇಕು ಎಂದು ಅವರು ಹೇಳುವುದು ಕೇಳಿಸಿತು. “ಬರ್ತೀನಿ ಸಾರ್,” ಎಂದ ಅಪ್ಪ.

ಅವರು ಹೋದ ಮೇಲೆ, “ಎಷ್ಟು ಕಾಣಿಸ್ತು?” ಎಂದು ಕೇಳಿದ.

“ಇಪ್ಪತ್ತಾರು.”

“ಹೊಸ ಕೋರ್ ಅಂದ್ರೆ ಬೇರೆ ಕಡೆ ಹೋಗ್ಬಿಡ್ತಾರೆ ಅಂತ ಭಯ. ಐದೇ ಮುಚ್ಚಿದೀನಿ ಅಂತ ಅವರಿಗೆ ಅಂದೆ. ಗುಡ್ಡಕ್ಕೆ ಹೋಗ್ತಾರೆ ಅಂತ ಗೊತ್ತಿದ್ದೂ ಅಂದೆ.”

“ನನಗಾದ್ರೂ ಹೇಳ್ಬೋದಿತ್ತಲ್ಲ ಅಪ್ಪ.”

“ನೀನು ಆ ರೋಷದಲ್ಲೇ ಕೆಲ್ಸ ಕಲೀತಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ. ಅವರಿಗಾದ್ರೂ ಹೇಳ್ಬಿಡೋಣ ಅಂತ ಎರಡು ಸಲ ಜೆ.ಪಿ. ನಗರಕ್ಕೆ ಹೋಗಿ ಗೇಟಿನ ಹತ್ರದಿಂದ ವಾಪಸ್ ಬಂದೆ. ಇನ್ನು ಹೇಳೋ ಹಾಗೂ ಇಲ್ಲ. ಹೇಳಿದ್ರೆ ನಿನ್ ಅಂಗಡಿಗೆ ಯಾರು ಬರ್ತಾರೆ?”

ಭಾನುವಾರ ಹೋಗಬೇಡ, ಜ್ವರ ಅಂತ ಹೇಳಿ ಕಳಿಸ್ತೀನಿ ಎಂದೆ. ಅಪ್ಪ ಟ್ರಂಕಿನಿಂದ ಬಿಳಿ ಅಂಗಿ ತೆಗೆದು ಇಸ್ತ್ರಿಗೆ ಕೊಡು ಎಂದ.

ಜಯನಗರದ ಒಂದು ಸಣ್ಣ ಹಾಲ್. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಾರ ಹಾಕಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅಪ್ಪ ಮೈಕನ್ನು ಎರಡು ಕೈಯಲ್ಲಿ ಹಿಡಿದ. ಆಮೇಲೆ, “ಸಾರ್, ತಪ್ಪು ನಂದು,” ಎಂದ.

ಚಕ್ರಪಾಣಿಯವರು ಎದ್ದು ಬಂದು ಅಪ್ಪನನ್ನು ತಬ್ಬಿಕೊಂಡರು. “ನೋಡಿ, ದೊಡ್ಡತನ ಅಂದ್ರೆ ಇದು,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅಪ್ಪ ಮತ್ತೆ, “ಇಲ್ಲ ಸಾರ್, ನಿಜವಾಗ್ಲೂ ನಂದೇ,” ಎಂದ. ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಪ್ರಮೋದ್ ನನ್ನ ಮುಖ ನೋಡಿದ. ನಾನೂ ಎದ್ದು ತಟ್ಟಿದೆ.