ನಕ್ಷೆಯಲ್ಲಿ ಇಲ್ಲದ ನೀರು

"ಏ ಹಲ್ಕಟ್, ನಕಾಶಿ ಮ್ಯಾಲ ಕೈ ಇಡಬ್ಯಾಡ. ಹೊಲಸ ಆಗ್ತದ."

ನಗರ ಯೋಜನೆ ಕಚೇರಿಯ ಶಿವಕಾಂತ ಸಾಹೇಬರು ಹಾಗೆಂದಾಗ ನನ್ನ ಬೆರಳು ಇನ್ನೂ ನಕ್ಷೆಗೆ ತಾಗಿರಲಿಲ್ಲ. ನಮ್ಮ ಕೇರಿ ಎಲ್ಲಿದೆ ಎಂದು ಹುಡುಕುತ್ತಿದ್ದೆ, ಅಷ್ಟೇ. ಬೀದರ ನಗರವೂ ಸುತ್ತಲ ಹಳ್ಳಿಗಳೂ ಕೂಡಿ ಮಾಡಿದ ನಕ್ಷೆಯಂತೆ ಅದು. ಹಸಿರು ಬಳಿದದ್ದು ಹೊಲ, ಹಳದಿ ಬಳಿದದ್ದು ಮನೆ ಕಟ್ಟುವ ಜಾಗ. ಯಾರು ಯಾರು ಕೂಡಿದ್ದರೋ, ನಮ್ಮನ್ನಂತೂ ಕರೆದಿರಲಿಲ್ಲ.

ನೌಬಾದದ ಆಚೆ, ನಮ್ಮೂರ ದಿನ್ನೆಯ ಕೆಳಗೆ ಹಳೆಯ ಸುರಂಗವಿದೆ. ದಿನ್ನೆಯ ನೀರು ಅದರೊಳಗೇ ಹರಿದು ನಮ್ಮ ಕೇರಿಯ ಕಲ್ಲುತೊಟ್ಟಿಗೆ ಬೀಳುತ್ತದೆ, ತುಂಬಿ ಮಿಕ್ಕಿದ್ದು ಹಳ್ಳಕ್ಕೆ ಹೋಗುತ್ತದೆ. ಸುರಂಗಕ್ಕೆ ಇಳಿಯಲು ಬಾವಿಯಂಥ ಏಳು ಬಾಯಿಗಳಿವೆ. ವರ್ಷಕ್ಕೊಮ್ಮೆ ಹಗ್ಗ ಕಟ್ಟಿಕೊಂಡು ಇಳಿದು ಹೂಳು ತೆಗೆಯುವವರು ನಾವು. ನಮ್ಮಪ್ಪ ಅಲ್ಲೇ ಉಸಿರುಗಟ್ಟಿ ಸತ್ತ. ಆ ಏಳೂ ಬಾಯಿ ಈಗ ಹಳದಿಯೊಳಗಿದ್ದವು. ಅವನ್ನು ಮುಚ್ಚಿದರೆ ನಮ್ಮ ನಲವತ್ತು ಮನೆಗೆ ಬೇರೆ ನೀರಿಲ್ಲ.

"ಸಾಹೇಬ್ರ, ಇದರ ಕೆಳಗ ನೀರ ಹರಿತದರಿ," ಎಂದೆ.

"ಯಾವ ಸೂಳಿಮಗ ನೋಡ್ಯಾನ? ದಾಖಲಿ ತೋರ್ಸು, ಮಚ್ಛೇಂದ್ರ."

"ನಾ ನೋಡೇನ್ರಿ. ಸೊಂಟದ ಮಟ ನೀರಾಗ ನಿಂತೇನ್ರಿ."

"ನಿನ್ನ ಸೊಂಟ ದಾಖಲಿ ಅಲ್ಲ. ಸೋಮವಾರ ಹನ್ನೊಂದಕ್ಕ ಜಾಗಕ್ಕ ಬರ್ತೇನಿ. ನೀರ ತೋರ್ಸು, ಇಲ್ಲಂದ್ರ ಮುಗೀತು."

ದಾರಿ ಹುಡುಕಿದವಳು ನಮ್ಮ ಚಿಗವ್ವ ಕೇಶರಬಾಯಿ. ಭೀಮಜಯಂತಿಗೆ ತಂದು ಉಳಿದ ನೀಲಿ ಬಣ್ಣ ಮೂರು ಚೀಲ ಅವಳ ಮನೆಯಲ್ಲಿತ್ತು.

"ಮ್ಯಾಲಿನ ಬಾಯಾಗ ಹಾಕ್ರಿ. ಕೆಳಗ ನೀಲಿ ಬಂದ್ರ ಆ ಭಾಡ್ಯಾಗ ಕಾಣಸ್ತದೋ ಇಲ್ಲೋ ನೋಡಮ್."

ದಿನ್ನೆಯ ತುದಿಯಿಂದ ತೊಟ್ಟಿಗೆ ನೀರು ಬರಲು ಎಷ್ಟು ಹೊತ್ತು ಬೇಕೆಂದು ಹೂಳು ತೆಗೆಯುವವರಿಗೆ ಗೊತ್ತು. ಹಿಂದಿನ ದಿನವೇ ಹೆಂಗಸರು ಕುಡಿಯುವ ನೀರು ತುಂಬಿಟ್ಟುಕೊಂಡರು. ಸೋಮವಾರ ಒಂಬತ್ತಕ್ಕೆ ಮೂರೂ ಚೀಲ ಸುರಿದೆವು. ಹನ್ನೊಂದಕ್ಕೆ ತೊಟ್ಟಿ ನೀಲಿಯಾಯಿತು. ಕೇರಿಯೆಲ್ಲ ನಿಂತು ನೋಡಿತು.

ಸಾಹೇಬರು ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ನೀಲಿ ತೆಳುವಾಗುತ್ತ ಹಳ್ಳಕ್ಕೆ ಹರಿದು ಹೋಗಿ ನೀರು ತಿಳಿಯಾಯಿತು. ಸರಕಾರದ ಗಡಿಯಾರ ನಂಬಿದ್ದು ನಮ್ಮದೇ ತಪ್ಪು. ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ಚೀಲವನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಜೀಪು ಬಂದದ್ದು ಎರಡೂವರೆಗೆ, ಹಿಂದೆಯೇ ಆ ಹಳದಿ ಜಾಗದಲ್ಲಿ ಮನೆ ಕಟ್ಟಿಸಲಿದ್ದ ಲೇಔಟ್ ಮಾಲೀಕನ ಕಾರು. ಸಾಹೇಬರು ಹಲ್ಲು ಕೆದಕುತ್ತ ಇಳಿದರು.

"ಎಲ್ಯದ ನಿನ್ನ ನೀರ? ಇದು ಹಳ್ಳದ ಬಸಿನೀರ ಅದ."

"ನೀಲಿ ಹಾಕಿದ್ವಿರಿ, ಹರದ ಹೋಯ್ತರಿ. ನೀವ ಹನ್ನೊಂದಕ್ಕ ಅಂದಿದ್ರಿ."

ಕೇಶರಬಾಯಿ ತೊಟ್ಟಿಯಿಂದ ತುಂಬಿಟ್ಟಿದ್ದ ನೀಲಿ ನೀರಿನ ಕೊಡ ತಂದು ಅವರ ಮುಂದಿಟ್ಟಳು. ಸಾಹೇಬರು ನಕ್ಕರು.

"ಕೊಡದಾಗ ಬಣ್ಣ ಕಲಿಸಿ ನನಗ ಹುಚ್ಚ ಮಾಡ್ತಿ ಏನ್ ಮುದುಕಿ?"

ಜೀಪಿನ ಮುಂಭಾಗದ ಮೇಲೆ ನಕ್ಷೆ ಹರಡಿ ಪೆನ್ನು ತೆಗೆದರು. "ತಕರಾರ ಇಲ್ಲ ಅಂತ ಬರಿತೇನಿ."

"ತಕರಾರ ಅದರಿ," ಎಂದೆ.

"ಎಲ್ಯದ?"

"ಇಲ್ಯದ," ಎನ್ನುತ್ತ ಕೇಶರಬಾಯಿ ಕೊಡ ಎತ್ತಿ ನಕ್ಷೆಯ ಮೇಲೆ ಬೋರಲು ಹಾಕಿದಳು.

ಸಾಹೇಬರ ಅಂಗಿ ತೊಯ್ದಿತು. ಮಾಲೀಕ ಬೈಯುತ್ತ ಪೊಲೀಸರಿಗೆ ಫೋನ್ ಹಚ್ಚಿದ. ಕೇಶರಬಾಯಿ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತಳು. ಜೀಪಿನ ಮೇಲೆ ನಮ್ಮ ದಿನ್ನೆಯ ಹಳದಿ ನೀಲಿ ನೀರಿನಡಿ ನಿಧಾನಕ್ಕೆ ಹಸಿರಾಗುತ್ತಿತ್ತು.