ಬಿಸಿಲಿಗಿಟ್ಟ ಪಟಾಕಿ

ಆರತಿಯ ತವರಿನಲ್ಲಿ ಜುಲೈ ನಾಲ್ಕಕ್ಕೆ, ಅಮೆರಿಕದ ಸ್ವಾತಂತ್ರ್ಯ ದಿನದಂದು, ಎರಡು ಸಂಗತಿ ತಪ್ಪುತ್ತಿರಲಿಲ್ಲ. ಒಂದು, ಅವಳ ಅಪ್ಪ ಶಿವಶರಣ ಪಶ್ಚಿಮ ಕರಾವಳಿಯ ನೆವಾರ್ಕಿನ ಪಾರ್ಕಿಂಗ್ ಲಾಟಿನಲ್ಲಿ ಹಾಕುವ ಸ್ಟಾಲಿನಿಂದ ದೊಡ್ಡ ಡಬ್ಬಿ ಪಟಾಕಿ ತಂದು, ಅರ್ಧವನ್ನು ಅಂದು ಸಂಜೆ ಹಚ್ಚಿ, ಉಳಿದರ್ಧವನ್ನು ದೀಪಾವಳಿಗೆಂದು ಗರಾಜಿನಲ್ಲಿ ಎತ್ತಿಡುವುದು. ದೀಪಾವಳಿಯ ಹೊತ್ತಿಗೆ ಸ್ಟಾಲೂ ಇರುವುದಿಲ್ಲ, ಪಟಾಕಿಯೂ ಸಿಗುವುದಿಲ್ಲ. ಹಾಗಾಗಿ ಆ ಬೀದಿಯ ನಮ್ಮವರೆಲ್ಲ ಅಮೆರಿಕದವರ ಹಬ್ಬದಲ್ಲೇ ತಮ್ಮ ಹಬ್ಬವನ್ನೂ ತಂದಿಟ್ಟುಕೊಳ್ಳುತ್ತಿದ್ದರು. ಇನ್ನೊಂದು, ಡಬ್ಬಿ ಬಿಚ್ಚುವಾಗ ಅಪ್ಪ ತಮ್ಮ ತಾಯಿ ದ್ಯಾಮವ್ವ ಬೇಲಿ ಸುಟ್ಟ ಕಥೆ ಹೇಳುವುದು.

ಇಪ್ಪತ್ತೇಳು ವರ್ಷದಿಂದ ಆರತಿ ಆ ಕಥೆ ಕೇಳುತ್ತ ಬಂದಿದ್ದಳು. ಕಥೆ ಶುರುವಾದೊಡನೆ ಅವಳಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಈ ವರ್ಷ ಎದ್ದು ಹೋಗುವ ಹಾಗಿರಲಿಲ್ಲ. ಒಂಬತ್ತು ವರ್ಷದ ಮಗಳು ಇಂಚರ ಬಣ್ಣದ ಪೆನ್ಸಿಲ್ಲು ಹರಡಿಕೊಂಡು ಅವಳ ತೊಡೆಗೇ ಒರಗಿ ಕೂತಿದ್ದಳು. ಅಲ್ಲೇ ಹತ್ತಿರದ ಡಬ್ಲಿನ್ನಿನಲ್ಲಿ ಅವಳು ಹೋಗುತ್ತಿದ್ದ ಬೇಸಿಗೆ ಶಿಬಿರದವರು ಮಕ್ಕಳಿಗೆ ತಂತಮ್ಮ ಮನೆಯ ಒಂದು ಕಥೆ ಬರೆದು, ಚಿತ್ರ ಬಿಡಿಸಿ ತರಲು ಹೇಳಿದ್ದರು. ಸೋಮವಾರ ಎಲ್ಲವನ್ನೂ ಗೋಡೆಗೆ ಅಂಟಿಸುವವರಿದ್ದರು.

"ನಿನ್ನ ಮುತ್ತಜ್ಜಿ ಬಿಜಾಪುರದಾಕಿ," ಎಂದು ಅಪ್ಪ ಡಬ್ಬಿಯ ಪ್ಲಾಸ್ಟಿಕ್ಕು ಹರಿಯುತ್ತ ಶುರುಮಾಡಿದರು. "ಅಲ್ಲೆ ದೀಪಾವಳಿಗೆ ಮೊದಲ ಪಟಾಕಿ ಬಿಸಿಲಿಗೆ ಇಡತೀವಿ. ಮದ್ದು ಒಣಗಬೇಕಲ್ಲ? ಇಲ್ಲಿಗೆ ಬಂದಾಕಿ ಏನ್ ಮಾಡಿದಳು, ಗರಾಜಿನ ಡಬ್ಬಿ ಮೂಸಿ ನೋಡಿ, ತಂಪ ಹಿಡದಾವು ಅಂತ, ಹಿಟ್ಟು ನಾದೂ ಸ್ಟೀಲಿನ ಪರಾತದಾಗ ಹರವಿ ಹಿತ್ತಲದಾಗ ಇಟ್ಟಳು. ಜುಲೈ ಬಿಸಿಲು. ಪರಾತ ಕಾದು ಹಂಚ ಆತು. ಒಂದಕ್ಕ ಹತ್ತಿದ್ದು ಎಲ್ಲಾದಕ್ಕೂ ಹತ್ತಿ, ಬೇಲಿ ಹೋತು, ಬಾಜೂ ಮನಿಯವರ ನಿಂಬಿ ಗಿಡಾನೂ ಹೋತು."

"ಸೋ ದ ಸನ್ ಡಿಡ್ ಇಟ್?" ಎಂದಳು ಇಂಚರ.

"ಸನ್ನಿನ ಕೂಡ ನಿನ್ನ ಮುತ್ತಜ್ಜಿನೂ ಸೇರಿದ್ಲು. ಫೈರ್ ಇಂಜಿನ್ ಬಂತು. ನಾ ಆಫೀಸಿಂದ ಓಡಿ ಬಂದು ನೋಡತೀನಿ, ಸೆರಗು ಸುಟಗೊಂಡು ಬಕೆಟ್ ಹಿಡದು ನಿಂತಾಳ. ಏನವ್ವಾ ಇದು ಅಂದರ, 'ನಮ್ಮೂರಾಗ ಎಂದೂ ಹತ್ತಿದ್ದಿಲ್ಲೋ, ಇಲ್ಲೀ ಬಿಸಿಲ ಬ್ಯಾರೆ ಅದ' ಅಂದಳು."

ಅಪ್ಪ ನಕ್ಕರು. ಪ್ರತಿ ವರ್ಷವೂ ನಗುವುದು ಇಲ್ಲೇ.

"ಸಾಕು ಬಿಡ್ರಿ," ಎಂದು ಅಮ್ಮ ನಿರುಪಮಾ ಒಳಗಿನಿಂದ ಹೇಳಿದರು. "ಸತ್ತವರನ್ನ ಒಮ್ಮೆ ಸುಟ್ಟರ ಸಾಕಾಗತದ. ನೀವು ವರ್ಷಾ ವರ್ಷಾ ಸುಡತೀರಿ."

"ನಮ್ಮೊಳಗ ಸುಡೂದಿಲ್ಲ, ಹೂಳತಾರ."

"ಅದಕ್ಕ ಹೇಳಿದ್ದು."

ಇಂಚರ ಬರೆಯುತ್ತಲೇ ಇದ್ದಳು. ಆರತಿ ಬಗ್ಗಿ ನೋಡಿದಳು. ಹಾಳೆಯ ಮೂಲೆಯಲ್ಲಿ ಹಲ್ಲು ಕಿಸಿದ ಸೂರ್ಯ. ಕೆಳಗೆ ಬಿಳಿ ಕೂದಲ ಮುದುಕಿ, ಹಸಿರು ಸೀರೆ, ಸುತ್ತ ಕೆಂಪು ಕೇಸರಿ ಬೆಂಕಿ. ಮುದುಕಿಯ ಬಾಯಿಯನ್ನು ಇಂಚರ ಕೆಳಕ್ಕೆ ಬಾಗಿಸಿ, ಕಣ್ಣಿಗೆ ಎರಡು ನೀಲಿ ಹನಿ ಇಟ್ಟಿದ್ದಳು. ಕೊನೆಗೆ ಮೇಲೆ ದಪ್ಪ ಅಕ್ಷರದಲ್ಲಿ, ಬೇಲಿ ಸುಟ್ಟ ನನ್ನ ಮುತ್ತಜ್ಜಿ ಎಂದು ಇಂಗ್ಲಿಷಿನಲ್ಲಿ ಬರೆದಳು.

"ಈಸ್ ಇಟ್ ಗುಡ್, ಅಮ್ಮಾ?"

"ಚೆನ್ನಾಗಿದೆ," ಎಂದಳು ಆರತಿ. ಹಾಗೆಂದದ್ದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಬೇಲಿ ಸುಟ್ಟ ವರ್ಷ ಆರತಿಗೂ ಒಂಬತ್ತೇ. ಆಯಿ, ಅಂದರೆ ಅವಳ ಅಜ್ಜಿ ದ್ಯಾಮವ್ವ, ಆರು ತಿಂಗಳಿಗೆಂದು ಏಪ್ರಿಲಿನಲ್ಲಿ ಬಂದಿದ್ದಳು. ಜುಲೈ ಹಬ್ಬ ಮುಗಿದ ನಾಲ್ಕನೆಯ ದಿನ, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗಿದ್ದಾಗ, ಆಯಿ ಹಿತ್ತಲಿನ ಒಣಹುಲ್ಲಿನ ಮೇಲೆ ಪರಾತ ಇಟ್ಟು, ಹೂಕುಂಡ ಭೂಚಕ್ರಗಳನ್ನು ಹಪ್ಪಳದಂತೆ ಒಂದೊಂದಾಗಿ ಹರವಿದಳು. "ನೀ ಇಲ್ಲೇ ಕೂಡು ನನ ಬಂಗಾರಾ. ಆ ಅಳಿಲು ಬಂದು ಮುಟ್ಟದಂಗ ನೋಡಕೋ. ನಾ ಒಂದ ಗಳಿಗೆ ಅಡ್ಡ ಆಗಿ ಬರತೀನಿ," ಎಂದು ಒಳಗೆ ಹೋದಳು.

ಅಳಿಲು ಬರಲಿಲ್ಲ. ಮುಟ್ಟಿದ್ದು ಆರತಿ. ಹಬ್ಬದ ದಿನ ಅಪ್ಪ ಅವಳ ಕೈಗೆ ಒಂದನ್ನೂ ಕೊಟ್ಟಿರಲಿಲ್ಲ, ದೂರ ನಿಲ್ಲಿಸಿದ್ದರು. ಒಂದೇ ಒಂದು ಭೂಚಕ್ರ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಒಲೆಯ ಪಕ್ಕದ ಉದ್ದನೆಯ ಲೈಟರು ತಂದು ಹಚ್ಚಿದಳು. ಅದು ಹಿತ್ತಲ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಎರಡು ಸುತ್ತು ತಿರುಗಿ, ನೆಗೆದು, ನೇರ ಪರಾತಕ್ಕೆ ಹೋಗಿ ಬಿತ್ತು. ಆಮೇಲಿನದು ಅವಳಿಗೆ ಸದ್ದಾಗಿ ಮಾತ್ರ ನೆನಪಿದೆ. ಓಡಿ ಒಳಗೆ ಹೋಗಿ, ಲೈಟರನ್ನು ಅದರ ಜಾಗದಲ್ಲಿಟ್ಟು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಸೋಪು ಹಚ್ಚಿ ಹಚ್ಚಿ ಕೈ ತೊಳೆದಳು. ಹೊರಗೆ ಆಯಿ ಬಕೆಟ್ಟಿನಿಂದ ನೀರು ಎರಚುತ್ತ, "ಆರತೀ, ಎಲ್ಲಿದ್ದಿ? ಆರತೀ," ಎಂದು ಕೂಗುತ್ತಿದ್ದಳು. ಬೆಂಕಿಗಿಂತ ಹೆಚ್ಚು ಅವಳನ್ನೇ ಹುಡುಕುತ್ತಿದ್ದಳು.

ಅಪ್ಪ ಬಂದವರೇ ಕೇಳಿದ್ದರಲ್ಲಿ ಬಾತ್‌ರೂಮಿನೊಳಗಿದ್ದ ಆರತಿಗೆ ಕೇಳಿಸಿದ್ದು ಒಂದೇ ಮಾತು: "ಯಾರು ಇಟ್ಟಿದ್ದು ಇವನ್ನ ಇಲ್ಲೆ?" "ನಾನ," ಎಂದಳು ಆಯಿ. ಅದು ನಿಜವೂ ಹೌದು. ಯಾರು ಹಚ್ಚಿದರು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ ಎಂದು ಆರತಿ ಬಹಳ ವರ್ಷ ತನಗೆ ತಾನೇ ಹೇಳಿಕೊಂಡಳು. ಈಗ ಅದನ್ನೂ ನಂಬುತ್ತಿರಲಿಲ್ಲ. ಆರತಿಯನ್ನು ಕಾಯಲು ಕೂಡಿಸಿದ್ದೆ ಎಂದು ಆಯಿ ಒಮ್ಮೆಯೂ ಬಾಯಿಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದು ಆರತಿಗೆ ಇಂದಿಗೂ ಗೊತ್ತಿಲ್ಲ.

ಅಕ್ಟೋಬರಿನವರೆಗೆ ಇರಬೇಕಾದವಳನ್ನು ಅಪ್ಪ ಜುಲೈ ಕೊನೆಗೇ ವಿಮಾನ ಹತ್ತಿಸಿದರು. ಹೋಗುವವರೆಗೂ ಆಯಿ ಹಿತ್ತಲಿಗೆ ಕಾಲಿಡಲಿಲ್ಲ, ಒಲೆ ಮುಟ್ಟಲಿಲ್ಲ. ಮತ್ತೆ ಬರಲೂ ಇಲ್ಲ. ಊರಿನಲ್ಲಿ ಕೂಡ ಮಕ್ಕಳ ಪಟಾಕಿ ಬಿಸಿಲಿಗಿಡಲು ಬಿಡುತ್ತಿರಲಿಲ್ಲವೆಂದು ಸೋದರತ್ತೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ಆಯಿ ಸಾಯುವವರೆಗೂ ಫೋನಿಗೆ ಬಂದಾಗೆಲ್ಲ ಮೊದಲು ಕೇಳುತ್ತಿದ್ದದ್ದು, "ಬಿಸಿಲ ಹೆಂಗದವಾ ಅಲ್ಲೆ? ಹುಷಾರಿ," ಎಂದೇ.

ಆರತಿ ಕೆಲಸ ಮಾಡುವುದು ಒಂದು ಡೇಕೇರಿನಲ್ಲಿ. ಇಂಚರ ಹುಟ್ಟಿದ ಮೇಲೆ ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಸರ್ಟಿಫಿಕೇಟು ಪಡೆದಿದ್ದಳು. ಅಲ್ಲಿ ಮಗುವಿನ ಮೊಣಕಾಲು ತರಚಿದರೂ, ತಪ್ಪು ಮಾಡಿದ ಮಗುವನ್ನು ಟೈಮ್‌ಔಟ್ ಎಂದು ಮೂಲೆಯಲ್ಲಿ ಒಂಟಿಯಾಗಿ ಕೂರಿಸಿದರೂ ಒಂದು ಚೀಟಿ ತುಂಬಬೇಕು. ಏನಾಯಿತು, ಯಾರು ಹತ್ತಿರವಿದ್ದರು, ಮನೆಯವರಿಗೆ ತಿಳಿಸಿದ್ದು ಎಷ್ಟು ಹೊತ್ತಿಗೆ. ಆರತಿಯಷ್ಟು ಸರಿಯಾಗಿ ಚೀಟಿ ತುಂಬುವವರಿಲ್ಲ ಎಂದು ಅಲ್ಲಿಯವರು ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಆ ಕೊನೆಯ ಸಾಲು ಅವಳನ್ನು ಚುಚ್ಚುತ್ತಿತ್ತು. ಆಯಿ ಬದುಕಿದ್ದಾಗ ಹೇಳಬಹುದಿತ್ತು. ಪ್ರತಿ ಸಲ ಇನ್ನೊಂದು ಸಲ ಎಂದುಕೊಂಡಳು. ಸತ್ತ ಮೇಲೆ, ಹೇಳಿ ಯಾರಿಗೇನು ಸುಖ ಎಂದುಕೊಂಡಳು.

ಈಗ ಆ ನೀಲಿ ಹನಿಯ ಮುದುಕಿ ಸೋಮವಾರ ಗೋಡೆ ಹತ್ತುವವಳಿದ್ದಳು. ಇನ್ನೊಂದು ತಲೆಮಾರಿಗೂ ಬೇಲಿ ಸುಟ್ಟವಳು ದ್ಯಾಮವ್ವನೇ.

ಇಳಿಹೊತ್ತಿಗೆ ಅಪ್ಪ ಗರಾಜಿನಲ್ಲಿ ದೀಪಾವಳಿಯ ಪಾಲು ಬೇರೆ ಮಾಡುತ್ತಿದ್ದಾಗ ಆರತಿ ಹೋಗಿ ಬಾಗಿಲ ಬಳಿ ನಿಂತಳು.

"ಹೂಕುಂಡ ಆರು ಸಾಕೇನು, ಎಂಟು ಇಡಲೇನು?" ಎಂದರು ಅಪ್ಪ.

"ಅಪ್ಪಾ, ಅವತ್ತು ಬಿಸಿಲಿಗೆ ಹತ್ತಿದ್ದಲ್ಲ."

"ಯಾವತ್ತು?"

"ಬೇಲಿ ಸುಟ್ಟಿದ್ದು. ನಾನು ಒಂದು ಭೂಚಕ್ರ ಹಚ್ಚಿದ್ದೆ. ಅದು ಹೋಗಿ ಪರಾತದಲ್ಲಿ ಬಿತ್ತು. ಆಯಿ ಮಲಗಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ."

ಒಂದೇ ಉಸಿರಿಗೆ ಹೇಳಿದಳು, ಮಧ್ಯೆ ನಿಂತರೆ ಮುಗಿಸಲಾರೆನೆಂದು. ಅಪ್ಪನ ಕೈಯಲ್ಲಿ ಹೂಕುಂಡವೊಂದು ಹಾಗೇ ಇತ್ತು. ಅದನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟರು.

ಅವಳು ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಹೋಗಲಿ ಬಿಡು, ಸಣ್ಣಾಕಿ ಇದ್ದಿ ಎಂಬ ಮಾತಿಗೂ, ಒಳಗೊಳಗೇ, ಆಸೆಪಟ್ಟು ಬಂದಿದ್ದಳು. ಎರಡೂ ಬರಲಿಲ್ಲ.

"ನಾ ಆಕಿಗೆ ಏನಂದೆ ಗೊತ್ತೇನು ನಿನಗ?" ಎಂದರು ಅಪ್ಪ. "ಫೈರಿನವರ ಮುಂದ, ಬಾಜೂದವರ ಮುಂದ. 'ನನ ಮಗಳನ್ನ ಕೊಲ್ಲಾಕ ಬಂದೀ ಏನು' ಅಂದೆ."

ಆರತಿ ಬಾತ್‌ರೂಮಿನ ನಲ್ಲಿಯನ್ನು ಅಷ್ಟರಲ್ಲಿ ಮತ್ತೆ ಜೋರಾಗಿ ಬಿಟ್ಟುಕೊಂಡಿದ್ದಳು. ಆ ಮಾತು ಅವಳಿಗೆ ಕೇಳಿರಲಿಲ್ಲ.

"ಏರ್‌ಪೋರ್ಟಿನ ತನಕ ಒಂದು ತಾಸು ಕಾರಿನಾಗ ಬಾಜೂಕ ಕೂತಿದ್ದಳು. ನಾ ಬಾಯಿ ಬಿಡಲಿಲ್ಲ. ಇಳಿಯೂವಾಗ ಆಕೀನ ಅಂದಳು, 'ತಪ್ಪ ಆತೋ ಶಿವೂ, ಸಿಟ್ಟ ಬಿಡು' ಅಂತ. ಆಕಿ ನನ ಮುಂದ ಕೈ ಮುಗದಳು." ಅಪ್ಪ ಡಬ್ಬಿಯ ಮುಚ್ಚಳ ಮುಚ್ಚಿದರು. "ಆಮ್ಯಾಲೆ ಅದನ್ನ ನಗಿ ಮಾಡಿದೆ. ನಗಿ ಮಾಡದಿದ್ದರ ನನಗ ಹಬ್ಬ ಮಾಡಾಕ ಆಗತಿರಲಿಲ್ಲ."

"ಅಪ್ಪಾ..."

"ಆಕಿ ಇದ್ದಾಗ ಹೇಳಬೇಕಿತ್ತು. ಈಗ ನನಗ ಹೇಳಿ ಏನ ಮಾಡ್ಲಿ ನಾನು? ಯಾರ ಮುಂದ ಹೋಗಿ ಕೈ ಮುಗೀಲಿ?"

ಅಪ್ಪ ಅವಳನ್ನು ದಾಟಿಕೊಂಡು ಒಳಗೆ ಹೋದರು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದೆನೆಂದು ಆರತಿಗೆ ಅನಿಸಲಿಲ್ಲ. ಅರವತ್ತೇಳು ವರ್ಷದ ಅಪ್ಪನ ಹೆಗಲ ಮೇಲೆ ಅಷ್ಟೇ ತೂಕದ ಇನ್ನೊಂದನ್ನು ಇಟ್ಟು ಬಂದೆನೆಂದು ಅನಿಸಿತು.

ಕತ್ತಲಾಗುವ ಹೊತ್ತಿಗೆ ಬೀದಿಯ ತುಂಬ ಹೊಗೆ. ಇಂಚರ ಮನೆ ಮುಂದಿನ ಡ್ರೈವ್‌ವೇಯಲ್ಲಿ ಕುಣಿಯುತ್ತಿದ್ದಳು. ಅಪ್ಪ ಹಚ್ಚಲು ಬರಲಿಲ್ಲ. ಮಡಚುವ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. "ಏನಾಗೇದ ನಿಮಗ?" ಎಂದು ಅಮ್ಮ ಎರಡು ಸಲ ಕೇಳಿ, ತಾವೇ ಲೈಟರು ತಂದು ಆರತಿಯ ಕೈಗಿತ್ತರು. ಅದೇ ನಮೂನೆಯ ಉದ್ದನೆಯ ಲೈಟರು. ಆರತಿ ಅದನ್ನು ಕೆಳಗಿಟ್ಟು ಮಗಳ ಎದುರು ಕುಕ್ಕರಗಾಲಲ್ಲಿ ಕೂತಳು.

"ಇಂಚರಾ, ನಿನ್ನ ಚಿತ್ರ ಬದಲಾಯಿಸಬೇಕು. ಬೇಲಿ ಸುಟ್ಟಿದ್ದು ಮುತ್ತಜ್ಜಿ ಅಲ್ಲ. ನಾನು. ಆಟ ಆಡ್ತಾ ಪಟಾಕಿ ಹಚ್ಚಿದೆ, ಆಮೇಲೆ ಯಾರಿಗೂ ಹೇಳಲಿಲ್ಲ."

ಅಮ್ಮನ ಕೈ ಸೆರಗಿನಲ್ಲೇ ನಿಂತಿತು. ಇಂಚರ ಅಜ್ಜನನ್ನು ನೋಡಿದಳು, ಆರತಿಯನ್ನು ನೋಡಿದಳು.

"ಡಿಡ್ ಯು ಗೆಟ್ ಎ ಟೈಮ್‌ಔಟ್?"

"ಇಲ್ಲ."

ಮಗು ಸ್ವಲ್ಪ ಯೋಚಿಸಿತು. "ಸೋ ಮುತ್ತಜ್ಜಿ ಗಾಟ್ ಯುವರ್ ಟೈಮ್‌ಔಟ್," ಎಂದಿತು.

ಎದುರು ಮನೆಯವರ ಹೂಕುಂಡ ಉರಿದು ಮುಗಿಯಿತು. ಆ ಸಂಜೆ ಅವರ ಮನೆಯಲ್ಲಿ ಎರಡೇ ಎರಡು ಹಚ್ಚಿದರು, ಅದೂ ಇಂಚರಳಿಗಾಗಿ.

ಮರುದಿನ ಆರತಿ ಏಳುವಷ್ಟರಲ್ಲಿ ಹಿತ್ತಲಲ್ಲಿ ನೀರಿನ ಸದ್ದು. ಅಪ್ಪ ಹಳೆಯ ಪರಾತ ತಿಕ್ಕುತ್ತಿದ್ದರು. ಅದರ ತಳ ಅಂದಿನಿಂದ ಕಪ್ಪು. ಕಾರಿನ ಎಣ್ಣೆ ಸೋರುವಲ್ಲಿ ಇಡಲೆಂದು ಗರಾಜಿನಲ್ಲೇ ಬಿದ್ದಿತ್ತು. ಅದನ್ನು ಒರೆಸಿ, ಸಿಮೆಂಟಿನ ಮೇಲಿಟ್ಟು, ಸುತ್ತಲೂ ನೀರು ಹಾಯಿಸಿ, ಡಬ್ಬಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹರವಿದರು. ಕುರ್ಚಿ ಎಳೆದುಕೊಂಡು, ನೀರಿನ ಪೈಪು ಕೈಯಲ್ಲಿ ಹಿಡಿದು ಕೂತರು.

"ಬುದ್ಧಿ ಅದ ಏನ್ರಿ?" ಎಂದರು ಅಮ್ಮ ಬಾಗಿಲಿನಿಂದ. "ಬಾಜೂದವರು ನೋಡಿದರ ಪೊಲೀಸರಿಗೆ ಫೋನ್ ಮಾಡತಾರ."

"ಮಾಡ್ಲಿ."

ಹನ್ನೊಂದಾಯಿತು, ಹನ್ನೆರಡಾಯಿತು. ಕೊಲ್ಲಿಯ ಕಡೆಯ ಮಂಜು ಪೂರ್ತಿ ಕರಗಿ ಬಿಸಿಲು ನೆತ್ತಿಗೇರಿತು. ಆರತಿ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಕೂತಳು. ಅಪ್ಪ ಬೇಡ ಎನ್ನಲಿಲ್ಲ. ಒಮ್ಮೆ ಪರಾತದ ಅಂಚು ಮುಟ್ಟಿ, ಚುರ್ ಎಂದು ಬೆರಳು ಹಿಂದಕ್ಕೆಳೆದುಕೊಂಡರು. ಅವರು ಹತ್ತಲೆಂದು ಕಾಯುತ್ತಿದ್ದಾರೋ ಹತ್ತದಿರಲೆಂದು ಕಾಯುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. ಹತ್ತಿದ್ದರೆ, ಅಂದು ಅವ್ವನಿಗೆ ಅಂದದ್ದಕ್ಕೆ ಅಪ್ಪನಿಗೆ ಅರ್ಧವಾದರೂ ನೆಪ ಸಿಗುತ್ತಿತ್ತು. ತನಗೂ ಸಿಗುತ್ತಿತ್ತು.

ಮೂರರ ಹೊತ್ತಿಗೆ ಅಪ್ಪ ಎದ್ದು, ಊರಿನಲ್ಲಿ ಆಯಿ ಮಾಡುತ್ತಿದ್ದ ಹಾಗೆಯೇ, ಒಂದೊಂದನ್ನೂ ಮಗುಚಿ ಹಾಕಿದರು. ಇನ್ನೊಂದು ಮಗ್ಗುಲೂ ಕಾಯಲೆಂದು. ಬೇಲಿಯ ಮೇಲೊಂದು ಅಳಿಲು ಬಂದು ಕೂತು, ನೋಡಿ, ಹೊರಟುಹೋಯಿತು. ನಾಲ್ಕಾಯಿತು. ನೆರಳು ಪರಾತದ ಮೇಲೆ ಬರತೊಡಗಿತು.

"ಹತ್ತಲಿಲ್ಲ," ಎಂದರು ಅಪ್ಪ.

"ಇಲ್ಲ."

"ಆಕಿ ಸರಿಯಾಗೇ ಇಟ್ಟಿದ್ದಳು."

ಆರತಿ ಅವರ ಕಡೆ ನೋಡಲು ಧೈರ್ಯ ಸಾಲದೆ ಪರಾತವನ್ನೇ ನೋಡುತ್ತ ಕೂತಳು. ಅಪ್ಪ ಪೈಪನ್ನು ಅವಳ ಕೈಗೆ ಕೊಟ್ಟರು.

"ಇನ್ನೊಂದು ತಾಸು ಬಿಸಿಲದ. ನಾ ಒಂದ ಗಳಿಗೆ ಅಡ್ಡ ಆಗತೀನಿ," ಎಂದರು. "ನೀ ಕೂಡು. ನೋಡಕೋ."

ಅಪ್ಪ ಒಳಗೆ ಹೋದರು. ಆರತಿ ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ತೆಗೆಯದೆ, ಕಾಯುತ್ತ ಕೂತಳು.